ಮನೆಯಿಂದ ಹೊರಟು ಮನೆಗೇ ಬರುವ ದಾರಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಂದ ಮೊದಲ ಬೇಸಿಗೆಯಲ್ಲೇ ಲೇಕ್ ಡಿಸ್ಟ್ರಿಕ್ಟ್, ಸ್ನೋಡನ್ ಅಂತ ಕಾರು ಬಾಡಿಗೆಗೆ ಹಿಡಿದು ಹೊರಡುವವರೇ ನಮ್ಮಲ್ಲಿ ಹೆಚ್ಚು. ಹೋಗಬೇಕಾದ ಜಾಗಗಳೇ, ಬೇಡ ಅನ್ನುವುದಿಲ್ಲ. ಆದರೆ ಮಿಕ್ಕ ಶನಿವಾರಗಳೆಲ್ಲ ಅಂಗಡಿ, ಬಟ್ಟೆ ಒಗೆಯುವುದು, ಟಿವಿ ಇವುಗಳಲ್ಲೇ ಕಳೆದುಹೋಗುತ್ತವೆ. ರೆಡಿಂಗ್, ಸ್ಲೌ, ಮೇಡನ್‌ಹೆಡ್ ಸುತ್ತ ಮನೆ ಮಾಡಿರುವವರಿಗೆ ಹೊಲ, ಕಾಡು, ಹೊಳೆ ಯಾವುದೂ ದೂರವಿಲ್ಲ. ಹೊರಟ ಜಾಗಕ್ಕೇ ಬಂದು ಮುಟ್ಟುವ ಎರಡು ಮೂರು ಮೈಲಿಯ ಸುತ್ತು ಹುಡುಕಿಕೊಂಡರೆ ಬಸ್ಸು, ಪಾರ್ಕಿಂಗ್ ಚಿಂತೆಯೂ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರುವ ಬೇಜಾರು ಮಕ್ಕಳಿಗೂ ಇರುವುದಿಲ್ಲ.

ಹೊಸಬರ ಮೊದಲ ಅಳುಕು: ಯಾರದೋ ಹೊಲ, ಒಳಗೆ ಕಾಲಿಟ್ಟರೆ ಬೈಯುವುದಿಲ್ಲವೇ? ‘ಪಬ್ಲಿಕ್ ಫುಟ್‌ಪಾತ್’ ಎಂಬ ಬೋರ್ಡು ಇದ್ದರೆ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳು ಸುಮಾರು 1,40,000 ಮೈಲಿ ಹರಡಿವೆ. ಬಹುಪಾಲು ಖಾಸಗಿ ಜಮೀನಿನೊಳಗೇ ಹಾಯುತ್ತವೆ, ಆದರೂ ನಡೆಯುವ ಹಕ್ಕು ಕಾನೂನಿನದು. ಯಾರ ಅಪ್ಪಣೆಯೂ ಬೇಕಿಲ್ಲ. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ಲು ಕೂಡ ಬರುತ್ತವೆ. ‘ಪರ್ಮಿಸಿವ್ ಪಾತ್’ ಅಂತ ಬರೆದಿದ್ದರೆ ಅದು ಜಮೀನಿನ ಯಜಮಾನರ ಔದಾರ್ಯ, ಅವರು ಮುಚ್ಚಲೂಬಹುದು. ಬೆಳೆ ನಿಂತ ಹೊಲದ ನಡುವೆಯೇ ದಾರಿ ಹೋಗಿದ್ದರೆ ಸಂಕೋಚ ಬೇಡ, ಒಬ್ಬರ ಹಿಂದೆ ಒಬ್ಬರಾಗಿ ಗೆರೆ ಹಿಡಿದು ನಡೆಯಿರಿ.

ನಕ್ಷೆ ಓದುವುದು

ಇದನ್ನೊಂದು ಕಲಿತರೆ ಅರ್ಧ ಕೆಲಸ ಮುಗಿಯಿತು. ಫೋನಿನ ಸಾಮಾನ್ಯ ಮ್ಯಾಪುಗಳಲ್ಲಿ ಹೊಲದ ದಾರಿಗಳು ಎಷ್ಟೋ ಕಡೆ ಕಾಣುವುದೇ ಇಲ್ಲ. ಬೇಕಾದದ್ದು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ‘ಎಕ್ಸ್‌ಪ್ಲೋರರ್’ ನಕ್ಷೆ, ಕಿತ್ತಳೆ ರಕ್ಷಾಪುಟದ್ದು, 1:25,000 ಅಳತೆಯದು. ರೆಡಿಂಗ್ ಕಡೆಯವರಿಗೆ 159, ವಿಂಡ್ಸರ್ ಕಡೆಯವರಿಗೆ 160. ಕೊಳ್ಳುವ ಮೊದಲು ಊರಿನ ಲೈಬ್ರರಿಯಲ್ಲಿ ಕೇಳಿ ನೋಡಿ. ಗುಲಾಬಿ ರಕ್ಷಾಪುಟದ ‘ಲ್ಯಾಂಡ್‌ರೇಂಜರ್’ ಕೊಂಡು ಮೋಸಹೋಗಬೇಡಿ. ಅದರಲ್ಲಿ ಹೊಲಗಳ ಬೇಲಿ ತೋರಿಸಿರುವುದಿಲ್ಲ, ಬೇಲಿ ಕಾಣದಿದ್ದರೆ ಹೊಸಬರಿಗೆ ದಿಕ್ಕೇ ತೋಚದು.

ನಕ್ಷೆ ಹಾಸಿ, ನಿಮ್ಮ ಮನೆಯ ಮೇಲೆ ಬೆರಳಿಡಿ. ಹಸಿರು ತುಂಡುಗೆರೆಗಳನ್ನು ಹುಡುಕಿ: ಗಿಡ್ಡ ತುಂಡುಗಳದ್ದು ಫುಟ್‌ಪಾತ್, ಉದ್ದ ತುಂಡುಗಳದ್ದು ಕುದುರೆದಾರಿ. ಕಪ್ಪು ತುಂಡುಗೆರೆ ಬೇರೆ. ಅಲ್ಲಿ ದಾರಿಯಿದೆ ಅಂದಷ್ಟೇ ಅರ್ಥ, ಹಕ್ಕಿದೆ ಅಂತಲ್ಲ. ಇನ್ನು ಅಳತೆ. ತಿಳಿನೀಲಿ ಚೌಕಗಳಿವೆಯಲ್ಲ, ಒಂದೊಂದರ ಬದಿ 1 ಕಿ.ಮೀ. ಒಂದು ಚೌಕದ ಅಂಚಿನಷ್ಟು ಸುತ್ತಿದರೆ 4 ಕಿ.ಮೀ., ಎರಡೂವರೆ ಮೈಲಿ. ಮೊದಲ ಸುತ್ತಿಗೆ ಅಷ್ಟು ಧಾರಾಳ. ಎರಡು ಮೂರು ಹಸಿರು ಗೆರೆಗಳನ್ನು ಜೋಡಿಸಿ ಅಷ್ಟುದ್ದದ ಕುಣಿಕೆ ಮಾಡಿ. ನಡುವೆ ಡಾಂಬರು ರಸ್ತೆ ಬಂದರೆ ಎಷ್ಟು ದೂರ ಅಂತ ನೋಡಿ. ಇಲ್ಲಿನ ಹಳ್ಳಿ ರಸ್ತೆಗಳಿಗೆ ಎಷ್ಟೋ ಕಡೆ ಪಕ್ಕದಲ್ಲಿ ನಡೆಯಲು ಜಾಗವಿಲ್ಲ, ತಿರುವಿನಲ್ಲಿ ಕಾರು ಬಂದದ್ದೇ ತಿಳಿಯದು. ಎತ್ತರ ತೋರಿಸುವ ಕಂದುಬಣ್ಣದ ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದು. ಸ್ಕಾಟ್‌ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲೇ ಕೊಟ್ಟ ಲೆಕ್ಕದ ಪ್ರಕಾರ ಗಂಟೆಗೆ ಮೂರು ಮೈಲಿ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಮಕ್ಕಳು ಜೊತೆಗಿದ್ದರೆ ಅದನ್ನು ದುಪ್ಪಟ್ಟು ಮಾಡಿ, ನೈಸ್ಮಿತ್ ಬೇಸರಪಟ್ಟುಕೊಳ್ಳುವುದಿಲ್ಲ.

ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ, ತಳ್ಳುಗಾಡಿಯಲ್ಲಿ ಮಗು ಇದ್ದರೆ, ಇನ್ನೊಂದು ವಿಷಯ ಗಮನಿಸಿ. ಬೇಲಿ ದಾಟುವ ಕಡೆ ಮಲೆನಾಡಿನ ತಡಮೆಯಂಥ ‘ಸ್ಟೈಲ್’, ಅಂದರೆ ಹತ್ತಿಳಿಯುವ ಮೆಟ್ಟಿಲು, ಇರುತ್ತದೆ. ಸೀರೆಯುಟ್ಟು ಅದನ್ನು ಹತ್ತಿಳಿಯುವುದು ಕಷ್ಟ. ಅದು ನಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನೀವೊಬ್ಬರೇ ಮೊದಲು ಹೋಗಿ ನೋಡಿ ಬರುವುದು ವಾಸಿ. ಅಂಥವರಿಗೆ ಲ್ಯಾಂಗ್ಲಿ ಹತ್ತಿರದ ಬ್ಲ್ಯಾಕ್ ಪಾರ್ಕ್ ಕೆರೆಯ ಸುತ್ತಿನ ದಾರಿಯೇ ಚೆನ್ನ.

ಒಂದು ಸುತ್ತು: ರನ್ನಿಮೀಡ್

ಎಗಮ್ ಹತ್ತಿರ, ಥೇಮ್ಸ್ ದಂಡೆಯ ಹುಲ್ಲುಗಾವಲು. 1215ರ ಜೂನ್‌ನಲ್ಲಿ ಜಾನ್ ದೊರೆ, ದೊರೆಯ ಅಧಿಕಾರಕ್ಕೇ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಒಪ್ಪಿಗೆ ಕೊಟ್ಟದ್ದು ಇಲ್ಲೇ. ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಸದಸ್ಯರಿಗೆ ಪಾರ್ಕಿಂಗ್ ಉಚಿತ. ಬಯಲಿನಿಂದ ಹೊರಟು ಕೆನಡಿ ಸ್ಮಾರಕದ ಕಲ್ಲುಮೆಟ್ಟಿಲು ಹತ್ತಿ, ಕೂಪರ್ಸ್ ಹಿಲ್ ಮೇಲಿನ ವಾಯುಪಡೆ ಸ್ಮಾರಕಕ್ಕೆ ಹೋಗಿ, ಕಾಡಿನ ದಾರಿಯಲ್ಲಿ ಇಳಿದು ಹೊಳೆ ಪಕ್ಕದಲ್ಲೇ ಮರಳಬಹುದು. ಏರು ಚಿಕ್ಕದು, ಆದರೆ ಉಸಿರು ಹಿಡಿಸುತ್ತದೆ. ಮೇಲಿನ ಸ್ಮಾರಕದಲ್ಲಿ, ಎರಡನೇ ಮಹಾಯುದ್ಧದಲ್ಲಿ ಸತ್ತು ಸಮಾಧಿಯೂ ಸಿಗದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ. ಅವುಗಳಲ್ಲಿ ನೂರ್ ಇನಾಯತ್ ಖಾನ್ ಹೆಸರನ್ನು ಮಕ್ಕಳಿಗೆ ತೋರಿಸಿ. ನಮ್ಮ ಟಿಪ್ಪುವಿನ ವಂಶದ ಹೆಣ್ಣುಮಗಳು. ಜರ್ಮನರ ಕೈಯಲ್ಲಿದ್ದ ಪ್ಯಾರಿಸ್‌ಗೆ 1943ರಲ್ಲಿ ರಹಸ್ಯವಾಗಿ ಹೋಗಿ ಬ್ರಿಟಿಷರಿಗಾಗಿ ವೈರ್‌ಲೆಸ್ ನಡೆಸಿ, ಸಿಕ್ಕಿಬಿದ್ದು, 1944ರ ಸೆಪ್ಟೆಂಬರ್‌ನಲ್ಲಿ ಡಾಹೌ ಶಿಬಿರದಲ್ಲಿ ಗುಂಡಿಗೆ ಬಲಿಯಾದವಳು. ಆಮೇಲೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟರು.

ನಕ್ಷೆಯ ಪಾಠವೂ ಇಲ್ಲೊಂದಿದೆ. ಎದುರು ದಂಡೆಯ ಆ್ಯಂಕರ್‌ವಿಕ್‌ನಲ್ಲಿ ಬಹಳ ಪುರಾತನವಾದ ಯೂ ಮರವಿದೆ. ನಕ್ಷೆಯಲ್ಲಿ ಎರಡು ಬೆರಳಿನಷ್ಟು ದೂರ, ಆದರೆ ಹುಲ್ಲುಗಾವಲಿನ ಹತ್ತಿರ ಸೇತುವೆ ಇಲ್ಲ. ಸುತ್ತು ಹಾಕುವ ಮೊದಲು ಹೊಳೆ, ರೈಲು ಹಳಿ, ಮೋಟರ್‌ವೇ ಇವನ್ನು ದಾಟುವುದು ಎಲ್ಲಿ ಅಂತ ನೋಡಿಕೊಳ್ಳುವುದನ್ನು ಮರೆಯಬಾರದು. ಮಳೆ ಜೋರಾದ ಚಳಿಗಾಲದಲ್ಲಿ ಈ ಬಯಲಿಗೆ ನೀರು ನುಗ್ಗುತ್ತದೆ, ಆಗ ಬೇಡ.

ಹಸು, ಕೆಸರು, ಕತ್ತಲು

ಹಸು ಕಂಡರೆ ಹತ್ತಿರ ಹೋಗಿ ಮೈದಡವಿ ಹಣೆಗೊತ್ತಿಕೊಳ್ಳುವ ಅಭ್ಯಾಸ ನಮ್ಮದು. ಇಲ್ಲಿ ಅದು ಬೇಡ. ಬಯಲಲ್ಲಿ ಮಂದೆಯಾಗಿ ಬೆಳೆದ ದನಗಳು, ಕರು ಜೊತೆಗಿದ್ದರೆ ಮೈಮೇಲೆ ಬರುತ್ತವೆ. ತಾಯಿ ಕರುಗಳ ನಡುವೆ ಹೋಗದೆ ದೂರದಿಂದ ಬಳಸಿ, ಓಡದೆ ನಡೆಯಿರಿ. ಯಾರದಾದರೂ ನಾಯಿ ಜೊತೆಗಿದ್ದು ದನ ಅಟ್ಟಿಸಿಕೊಂಡು ಬಂದರೆ ನಾಯಿಯನ್ನು ಬಿಟ್ಟುಬಿಡಿ, ಅದು ತಪ್ಪಿಸಿಕೊಳ್ಳುತ್ತದೆ. ಗೇಟು ಹೇಗಿತ್ತೋ ಹಾಗೇ ಬಿಡಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೆಸರೇ ಕೆಸರು. ವೆಲ್ಲಿಂಗ್ಟನ್ ಎಂಬ ಉದ್ದನೆಯ ರಬ್ಬರ್ ಬೂಟು ಸಾಕು, ಜೀನ್ಸ್ ಬೇಡ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ ಊಟ ಮುಗಿಸಿ ಹೊರಡೋಣ ಅನ್ನುವ ಯೋಚನೆ ಬಿಡಿ, ಬೆಳಗ್ಗೆಯೇ ಪುಳಿಯೋಗರೆ ಕಟ್ಟಿಕೊಂಡು ಹೊರಡಿ. ಬೇಸಿಗೆಯಲ್ಲಿ ಮಕ್ಕಳಿಗೆ ಉದ್ದ ಪ್ಯಾಂಟು ಹಾಕಿ. ದಾರಿಯ ಇಕ್ಕೆಲದ ನೆಟಲ್ ಗಿಡ ತುರಿಚೆಯ ಹಾಗೇ ಸುಡುತ್ತದೆ. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ಉಣ್ಣೆ ಕಚ್ಚಿದೆಯೇ ನೋಡಿ.

ಎದುರಿಗೆ ಬಂದವರೆಲ್ಲ ‘ಮಾರ್ನಿಂಗ್’ ಅನ್ನುತ್ತಾರೆ. ರೈಲಿನಲ್ಲಿ ಮುಖ ಎತ್ತದ ಜನವೇ. ನೀವೂ ಅನ್ನಿ.

ಕೆಲಸದ ಮೇಲೆ ಸ್ಕಾಟ್‌ಲೆಂಡಿಗೆ ಹೋಗುವವರು ಹಸಿರು ಗೆರೆಗಳನ್ನು ಹುಡುಕುತ್ತ ಕೂರಬೇಡಿ, ಅಲ್ಲಿನ ನಕ್ಷೆಯಲ್ಲಿ ಅವು ಆ ಅರ್ಥದಲ್ಲಿ ಇರುವುದಿಲ್ಲ. ಅಲ್ಲಿ 2003ರ ಭೂಸುಧಾರಣಾ ಕಾಯ್ದೆ ಪ್ರಕಾರ, ಮನೆಯಂಗಳ, ಬೆಳೆ ನಿಂತ ನೆಲದಂಥವನ್ನು ಬಿಟ್ಟು, ಜವಾಬ್ದಾರಿಯಿಂದ ಬಹುತೇಕ ಎಲ್ಲಿ ಬೇಕಾದರೂ ನಡೆಯಬಹುದು.