ಕಂಪ್ಯೂಟರ್ ಗೊರಕೆ ನಿಲ್ಲಿಸುವುದು: ಫ್ಯಾನ್, ಗಾಳಿ, ಒಂದು ಊದುಬತ್ತಿ

ಹಗಲು ಹೊತ್ತು ಕಂಪ್ಯೂಟರ್ ಸದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಮೇಲೆ ಸೀಲಿಂಗ್ ಫ್ಯಾನ್, ಹೊರಗೆ ಗಾಡಿಗಳು, ಅಡುಗೆಮನೆಯಲ್ಲಿ ಮಿಕ್ಸಿ. ಡಿಸೆಂಬರ್ ರಾತ್ರಿ ಹನ್ನೊಂದಕ್ಕೆ ಸೀಲಿಂಗ್ ಫ್ಯಾನ್ ಆರಿಸಿ ಕೂತಾಗ ನೋಡಿ, ಮೇಜಿನ ಕೆಳಗೆ ಯಾರೋ ಗೊರಕೆ ಹೊಡೆದ ಹಾಗೆ ಕೇಳಿಸುತ್ತದೆ. ನನಗೂ ಹಾಗೇ ಆಯಿತು. ತಡೆಯಲಾರದೆ ಬಣ್ಣದ ಲೈಟಿನ ಆರು ಫ್ಯಾನ್‌ಗಳ ಸೆಟ್ ತರಿಸಿದೆ. ಬಂದ ಮೇಲೆ ನೋಡಿದರೆ ಎಲ್ಲಕ್ಕೂ ಮೋಲೆಕ್ಸ್ ವೈರು. ಅಂದರೆ ಪವರ್ ಸಪ್ಲೈಯಿಂದ ನೇರ 12 ವೋಲ್ಟ್, ವೇಗ ತಗ್ಗಿಸುವ ದಾರಿಯೇ ಇಲ್ಲ. ಒಂದು ಗೊರಕೆ ಹೋಗಿ ಆರು ಗೊರಕೆ ಆಯಿತು. ಅದಕ್ಕೇ ಹೇಳುತ್ತಿದ್ದೇನೆ, ಫ್ಯಾನ್ ಕೊಳ್ಳುವುದು ಕೊನೆಯ ಕೆಲಸ.

ಮೊದಲು ಸದ್ದು ಯಾವುದರದ್ದು ಅಂತ ಹಿಡಿಯಿರಿ. ಪಕ್ಕದ ಬಾಗಿಲು ತೆಗೆದು, ಕ್ಯಾಬಿನೆಟ್ ಫ್ಯಾನ್‌ಗಳ ನಡುವಿನ ಗುಂಡನೆಯ ಸ್ಟಿಕರ್ ಮೇಲೆ (ರೆಕ್ಕೆಗಲ್ಲ!) ಬೆರಳಿಟ್ಟು ಒಂದೊಂದನ್ನೇ ಎರಡು ಸೆಕೆಂಡ್ ನಿಲ್ಲಿಸಿ. ಯಾವುದು ನಿಂತಾಗ ಸದ್ದು ಇಳಿಯಿತೋ ಅದೇ ಕಳ್ಳ. ಪವರ್ ಸಪ್ಲೈ ಒಳಗೆ ಮಾತ್ರ ಬೆರಳು ಹಾಕಬೇಡಿ. ಗೇಮ್ ಆಡುವಾಗ ಸಣ್ಣಗೆ ಕೀಂ ಅಂತ ಕೇಳಿಸಿದರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನೊಳಗಿನ ತಂತಿ ಸುರುಳಿಯ (ಕಾಯಿಲ್) ಸದ್ದು, ಯಾವ ಫ್ಯಾನ್ ಬದಲಿಸಿದರೂ ಹೋಗುವುದಿಲ್ಲ.

ಆಮೇಲೆ ಬಯೋಸ್ ಒಳಗೆ ಹೋಗಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ. ಮೂರು ಪಿನ್ನಿನ ಫ್ಯಾನನ್ನು ವೋಲ್ಟೇಜ್ ಏರಿಳಿಸಿ ನಿಯಂತ್ರಿಸಬೇಕು. ನಾಲ್ಕು ಪಿನ್ನಿನದಕ್ಕೆ ಪಿಡಬ್ಲ್ಯುಎಂ ಅನ್ನುವ ಬೇರೆ ಸಿಗ್ನಲ್ ಹೋಗುತ್ತದೆ. ಮೂರು ಪಿನ್ನಿನದನ್ನು ಸಿಕ್ಕಿಸಿ ಸೆಟ್ಟಿಂಗ್ ಪಿಡಬ್ಲ್ಯುಎಂ ಅಂತಲೇ ಬಿಟ್ಟಿದ್ದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲಿ ಓಡುತ್ತದೆ. ಡಿಸಿ (ಅಂದರೆ ವೋಲ್ಟೇಜ್ ನಿಯಂತ್ರಣ) ಅಂತ ಬದಲಿಸಿ, ಅಷ್ಟೇ. ಎಷ್ಟೋ ಜನರ ಕಷ್ಟ ಇಲ್ಲೇ ಮುಗಿಯುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ.

ಇನ್ನು ಗಾಳಿಯ ದಾರಿ. ಅರ್ಧ ಗಂಟೆ ಗೇಮ್ ಆಡಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ಯಾನೆಲ್ ಕಿತ್ತು ಪಕ್ಕಕ್ಕಿಟ್ಟು ಅದೇ ಗೇಮ್ ಮತ್ತೆ ಅರ್ಧ ಗಂಟೆ ಆಡಿ. ಐದಾರು ಡಿಗ್ರಿ ಇಳಿದರೆ ತಪ್ಪು ಫ್ಯಾನಿನದಲ್ಲ, ಪ್ಯಾನೆಲ್‌ನದು. ಮುಂದೆ ಫಳಫಳ ಗಾಜು ಇಟ್ಟು ಪಕ್ಕದಲ್ಲಿ ಬೆರಳಗಲ ಸಂದು ಬಿಟ್ಟಿರುವ ಕ್ಯಾಬಿನೆಟ್‌ಗಳು ನೋಡಲು ಚೆಂದ, ಉಸಿರಾಡಲು ಕಷ್ಟ. ಹೊಸದು ತಗೊಳ್ಳುವವರು ಮುಂದೆ ಜಾಲರಿ ಇರುವುದನ್ನೇ ತಗೊಳ್ಳಿ. ಡಸ್ಟ್ ಫಿಲ್ಟರನ್ನೂ ತೆಗೆದು ನೋಡಿ. ನನ್ನದು ಕೆಂಪು ಕಂಬಳಿಯಾಗಿತ್ತು, ಮನೆ ಮುಂದಿನ ರಸ್ತೆ ಅಗೆದು ಆರು ತಿಂಗಳಾಗಿತ್ತು ನೋಡಿ. ತೊಳೆದು ಚೆನ್ನಾಗಿ ಒಣಗಿಸಿ ಹಾಕಿ.

ಈಗ ಊದುಬತ್ತಿ. ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದು ಕಡ್ಡಿ ಹಚ್ಚಿ ಕ್ಯಾಬಿನೆಟ್ಟಿನ ಹೊರಗೆ ಒಂದಡಿ ದೂರದಿಂದ ನಿಧಾನಕ್ಕೆ ಸುತ್ತಿಸಿ. ಮಂಗಳಾರತಿ ಅಂತ ಮನೆಯವರು ನಗುತ್ತಾರೆ, ನಗಲಿ. ಮುಂದೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು, ಹಿಂದೆ ಹೊರಕ್ಕೆ ತಳ್ಳಬೇಕು. ನಾನು ಹಿಡಿದಾಗ ಹಿಂದಿನಿಂದ ಹೊರಬಂದ ಹೊಗೆ ಗೋಡೆಗೆ ಬಡಿದು, ಮೇಜಿನ ಹಲಗೆಯ ಕೆಳಗೇ ತೆವಳಿಕೊಂಡು, ಮುಂದೆ ಬಂದು ಮತ್ತೆ ಜಾಲರಿಯೊಳಗೆ ಹೋಯಿತು! ಬಿಸಿ ಗಾಳಿಯನ್ನೇ ಕುಡಿದು ಕುಡಿದು ಫ್ಯಾನ್ ಕಿರುಚುತ್ತಿತ್ತು, ಪಾಪ. ಮೇಜನ್ನು ಗೋಡೆಯಿಂದ ಒಂದು ಗೇಣು ಎಳೆದು, ಕ್ಯಾಬಿನೆಟ್ಟನ್ನು ಮೇಜಿನ ಗೂಡಿನಿಂದ ಹೊರಗಿಟ್ಟೆ. ಆ ಗೂಡು ಇರುವ ಕಂಪ್ಯೂಟರ್ ಟೇಬಲ್‌ಗಳನ್ನು ಯಾರು ಕಂಡುಹಿಡಿದರೋ.

ಜೋಡಣೆ ಸುಲಭ. ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಹೆಚ್ಚಿನವರಿಗೆ ಇಷ್ಟೇ ಸಾಕು. ಒಳಬರುವ ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಗಾಳಿ ಫಿಲ್ಟರ್ ಮೂಲಕವೇ ಬರುತ್ತದೆ, ಸಂದುಗೊಂದುಗಳಿಂದ ಧೂಳು ನುಗ್ಗುವುದು ಕಡಿಮೆ. ಮೇಲ್ಗಡೆ ಒಂದು ಹಾಕಲೇಬೇಕು ಅನಿಸಿದರೆ ಹಿಂಭಾಗಕ್ಕೆ ಹಾಕಿ. ಮೇಲಿನ ಮುಂಭಾಗದಲ್ಲಿ ಹೊರಕ್ಕೆ ತಳ್ಳುವ ಫ್ಯಾನ್ ಇಟ್ಟರೆ ಆಗತಾನೆ ಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ಮುಟ್ಟುವ ಮೊದಲೇ ಆಚೆ ಕಳಿಸುತ್ತದೆ. ದಿಕ್ಕು ಗೊತ್ತಾಗದಿದ್ದರೆ ಫ್ಯಾನಿನ ಹಿಂಬದಿ ನೋಡಿ, ಮೋಟಾರನ್ನು ಹಿಡಿದಿರುವ ಅಡ್ಡ ಕಡ್ಡಿಗಳು ಇರುವ ಕಡೆಗೆ ಗಾಳಿ ಹೋಗುತ್ತದೆ.

ಇಷ್ಟಾದ ಮೇಲೂ ಫ್ಯಾನ್ ಬೇಕೇ? ಸರಿ, ಒಂದು ಲೆಕ್ಕ ಕೇಳಿ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬಲ್. ಹಾಗಾಗಿ ಒಂದು ಫ್ಯಾನನ್ನು 1400 ಆರ್‌ಪಿಎಂಗೆ ಓಡಿಸುವ ಬದಲು ಎರಡನ್ನು 700ಕ್ಕೆ ಓಡಿಸಿ. ಹೆಚ್ಚುಕಡಿಮೆ ಅಷ್ಟೇ ಗಾಳಿ, ಸದ್ದು ಎಷ್ಟೋ ಕಡಿಮೆ. ಜಾಗ ಇದ್ದರೆ 120 ಮಿ.ಮೀ. ಬದಲು 140 ಮಿ.ಮೀ. ಹಾಕುವುದೂ ಇದೇ ಕಾರಣಕ್ಕೆ.

ಕೊಳ್ಳುವಾಗ ನಾಲ್ಕು ಪಿನ್ ಇರಲಿ, ಕನಿಷ್ಠ ವೇಗ 500ರ ಆಸುಪಾಸಿಗೆ ಇಳಿಯುವಂತಿರಲಿ, ಬೇರಿಂಗ್ (ನಡುವಿನ ಅಚ್ಚು ಕೂತು ತಿರುಗುವ ಭಾಗ) ಫ್ಲೂಯಿಡ್ ಡೈನಮಿಕ್ ಬಗೆಯದಿರಲಿ. ಅಗ್ಗದ ಸ್ಲೀವ್ ಬೇರಿಂಗಿನ ಫ್ಯಾನನ್ನು ಮೇಲ್ಗಡೆ ಅಡ್ಡಡ್ಡ ಮಲಗಿಸಿ ಹಾಕಿದರೆ ಬೇಗ ಸವೆದು ಕಟಕಟ ಶುರುವಾಗುತ್ತದೆ. ಡಬ್ಬದ ಮೇಲಿನ ಡೆಸಿಬಲ್ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಾರೆ. ನಾಕ್ಟುವಾ ಕಂಪನಿಯ ಕಂದು ಫ್ಯಾನ್‌ಗಳು ಚಿನ್ನದಂಥವು, ಬೆಲೆಯೂ ಹಾಗೇ. ಆರ್ಕ್ಟಿಕ್ ಕಂಪನಿಯ ಪಿ12 ಫ್ಯಾನ್ ನನ್ನ ಜೇಬಿಗೆ ಹೊಂದಿತು. ಒಂದೇ ಹೆಡರಿಗೆ (ಮದರ್‌ಬೋರ್ಡಿನಲ್ಲಿ ಫ್ಯಾನ್ ವೈರು ಸಿಕ್ಕಿಸುವ ಪಿನ್‌ಗಳು) ಮೂರು ನಾಲ್ಕು ಸಿಕ್ಕಿಸುವುದಾದರೆ ಫ್ಯಾನ್ ಮೇಲೆ ಬರೆದ ಆಂಪ್ ಕೂಡಿಸಿ ನೋಡಿ, ಸಾಮಾನ್ಯವಾಗಿ ಮದರ್‌ಬೋರ್ಡ್ ಹೆಡರಿನ ಮಿತಿ 1 ಆಂಪ್.

ಕೊನೆಗೆ ವೇಗದ ಸೆಟ್ಟಿಂಗ್, ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದೇ ಸಮ ಬರುವ ಸದ್ದು ಕಿವಿಗೆ ಒಗ್ಗಿಹೋಗುತ್ತದೆ, ಏರುತ್ತಾ ಇಳಿಯುತ್ತಾ ಇರುವ ಸದ್ದು ಒಗ್ಗುವುದಿಲ್ಲ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಬಿಸಿ ಒಂದು ಕ್ಷಣ 45ರಿಂದ 65ಕ್ಕೆ ಹಾರುತ್ತದೆ, ಫ್ಯಾನೂ ಅದರ ಜೊತೆ ಹಾರುತ್ತದೆ. ಅದಕ್ಕೆ 60 ಡಿಗ್ರಿವರೆಗೆ ಫ್ಯಾನ್ ಸೆಟ್ಟಿಂಗನ್ನು ಸಪಾಟಾಗಿ 35 ಶೇಕಡ ಇಟ್ಟು, ಅಲ್ಲಿಂದ ಮೆಲ್ಲಗೆ ಏರಿಸಿ 80ಕ್ಕೆ 70 ಶೇಕಡ ಮಾಡಿದೆ. ಬಯೋಸ್‌ನಲ್ಲಿ ಏರುವ ಸಮಯ ತಡಮಾಡುವ ಆಯ್ಕೆ ಇದ್ದರೆ ಕೆಲವು ಸೆಕೆಂಡ್ ಕೊಡಿ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶ ಇದೆ, ಅದರಲ್ಲಿ ಮುಂದಿನ ಫ್ಯಾನ್‌ಗಳನ್ನು ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಿಹಾಕಬಹುದು. ಗೇಮ್ ಆಡುವವರಿಗೆ ಇದೇ ಸರಿ. ಯಾವುದೋ ಒಂದು ವೇಗದಲ್ಲಿ ಮಾತ್ರ ಕ್ಯಾಬಿನೆಟ್ ಗುಂಯ್ ಅಂದರೆ ಆ ವೇಗ ತಪ್ಪಿಸಿ, ಇಲ್ಲವೇ ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿ.

ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಕ್ಯಾಬಿನೆಟ್ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಹೊಂದಿಸಿದ್ದು ಕಲಬುರಗಿಯ ಏಪ್ರಿಲ್‌ಗೆ ಆಗುವುದಿಲ್ಲ, ಬೆಂಗಳೂರಿನ ಏಪ್ರಿಲ್‌ಗೂ ಆಗುವುದಿಲ್ಲ. ನಾನು ಎರಡು ಸೆಟ್ಟಿಂಗ್ ಉಳಿಸಿಟ್ಟಿದ್ದೇನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಎರಡನೆಯದಕ್ಕೆ ಬದಲಿಸುತ್ತೇನೆ. ಹೇಗೂ ಆಗ ಸೀಲಿಂಗ್ ಫ್ಯಾನ್ ಮತ್ತೆ ತಿರುಗಲು ಶುರುವಾಗಿರುತ್ತದಲ್ಲ.