ಹಳೇ ವಾಚ್ ಕ್ಲೀನಿಂಗ್ ಮಷಿನ್ ರೆಡಿ ಮಾಡೋದು ಹೇಗೆ

ವಾಚ್ ಕ್ಲೀನಿಂಗ್ ಮಷಿನ್ ಅಂದ್ರೆ ಬಿಚ್ಚಿದ ವಾಚಿನ ಭಾಗಗಳನ್ನ ಬುಟ್ಟಿಗೆ ಹಾಕಿ, ದ್ರವ ತುಂಬಿದ ಜಾರ್‌ಗಳಲ್ಲಿ ತಿರುಗಿಸಿ ತೊಳೆದು, ಹೀಟರ್ ಬಿಸಿಯಲ್ಲಿ ಒಣಗಿಸೋ ಮಷಿನ್. ಹಳೇದೊಂದು ಕೈಗೆ ಸಿಕ್ಕ ತಕ್ಷಣ ಪ್ಲಗ್ ಹಾಕಿ ತಿರುಗುತ್ತಾ ಅಂತ ನೋಡೋ ಆಸೆ ಎಲ್ರಿಗೂ ಇರುತ್ತೆ, ದಯವಿಟ್ಟು ಹಾಗ್ ಮಾಡ್ಬೇಡಿ. ಎಲ್ ಅಂಡ್ ಆರ್ ಕಂಪನಿದಾಗ್ಲಿ ಎಲ್ಮಾ ಕಂಪನಿದಾಗ್ಲಿ, ವಯಸ್ಸಾದ ಮಷಿನ್‌ನಲ್ಲಿ ವೈರ್ ಮೇಲಿನ ರಬ್ಬರು ಒಣಗಿ ಮುಟ್ಟಿದ್ರೆ ಉದುರೋ ಹಂಗಿರುತ್ತೆ, ಎಷ್ಟೋ ಮಷಿನ್‌ಗೆ ಅರ್ಥಿಂಗೇ ಇರಲ್ಲ, ಬಾಡಿ ನೋಡಿದ್ರೆ ಲೋಹದ್ದು. ಒಳಗೆ ಒಂದು ವೈರ್ ತಗುಲ್ಕೊಂಡಿದ್ರೂ ಸಾಕು, ಶಾಕು ಗ್ಯಾರಂಟಿ.

ಮೊದ್ಲು ತಳ ಬಿಚ್ಚಿ, ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಫೋಟೋ ತೆಗೀರಿ. ಹಳೇ ವೈರ್ ಪೂರ್ತಿ ಕಿತ್ತಾಕಿ ಮೂರು ಕೋರ್ ಕೇಬಲ್ ಹಾಕಿ, ಬಾಡಿ ಮೇಲೆ ಒಂದು ಕಡೆ ಪೇಂಟ್ ಕೆರೆದು ಅರ್ಥ್ ವೈರ್ ಬಿಗಿ ಮಾಡಿ. ಹೀಟರ್ ಹತ್ರ ಮಾಮೂಲಿ ಪಿವಿಸಿ ವೈರ್ ಕರಗುತ್ತೆ, ಅಲ್ಲಿಗೆ ಬಿಸಿ ತಡೆಯೋ ವೈರೇ ಬೇಕು. ಅಲ್ಲೇ ಬೂದು ಬಣ್ಣದ ನಾರುನಾರಾದ ಹಾಳೆ ಏನಾದ್ರೂ ಕಂಡ್ರೆ ಅದು ಆಸ್ಬೆಸ್ಟಾಸ್ ಇರಬಹುದು, ಕೆರೆಯೋದು ಊದೋದು ಏನೂ ಬೇಡ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ನೇಮ್ ಪ್ಲೇಟ್‌ನಲ್ಲಿ ವೋಲ್ಟೇಜ್ ಕೂಡ ನೋಡಿ. 110 ವೋಲ್ಟ್ ಮಷಿನ್‌ಗೆ 220 ಕೊಟ್ರೆ ಹೀಟರ್ ನಾಲ್ಕು ಪಟ್ಟು ಕಾಯುತ್ತೆ, ಸುಟ್ಟೇ ಹೋಗುತ್ತೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಆಗಲ್ಲ.

ಇನ್ನು ಮೋಟರ್, ನಿಜವಾದ ಕೆಲಸ ಇರೋದು ಇಲ್ಲಿ. ಸಾಮಾನ್ಯವಾಗಿ ಕಾರ್ಬನ್ ಬ್ರಷ್ (ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ಕಾರ್ಬನ್ ತುಂಡು) ಇರೋ ಮೋಟರೇ. ಬ್ರಷ್ ಹೊರಗೆ ತೆಗೆಯುವಾಗ ಯಾವ ಕಡೆದು, ಯಾವ ಮುಖ ಮೇಲೆ ಇತ್ತು ಅಂತ ಗುರುತು ಹಾಕ್ಕೊಳ್ಳಿ, ಯಾಕಂದ್ರೆ ಅದರ ತುದಿ ಕಮ್ಯುಟೇಟರ್‌ನ (ಬ್ರಷ್ ಉಜ್ಜೋ, ಶಾಫ್ಟ್ ಮೇಲಿನ ತಾಮ್ರದ ಉರುಳೆ) ದುಂಡಿಗೆ ಸರಿಯಾಗಿ ಸವೆದು ಕೂತಿರುತ್ತೆ, ತಿರುಗಿಸಿ ಹಾಕಿದ್ರೆ ಕಿಡಿ ಜಾಸ್ತಿ ಬರುತ್ತೆ. ಕಮ್ಯುಟೇಟರ್ ಕಪ್ಪಾಗಿದ್ರೆ ತುಂಬಾ ನಯವಾದ ಸ್ಯಾಂಡ್ ಪೇಪರ್ ಹಿಡಿದು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ, ತಾಮ್ರದ ಬಣ್ಣ ಬಂದ್ರೆ ಸಾಕು. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಸೇರಿರೋ ಕಾರ್ಬನ್ ಪುಡೀನ ಮರದ ಕಡ್ಡಿಯಿಂದ ತೆಗೀರಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಬೇರಿಂಗ್‌ಗೆ ತೆಳು ಮಷಿನ್ ಆಯಿಲ್ ಒಂದೆರಡು ಹನಿ ಸಾಕು, ಜಾಸ್ತಿ ಆದ್ರೆ ಜಾರಿ ಬ್ರಷ್ ಮೇಲೇ ಬೀಳುತ್ತೆ.

ಸ್ಪೀಡ್ ತಿರುಗಿಸೋ ರಿಯೋಸ್ಟಾಟ್‌ನ ಮೀಟರ್‌ನಲ್ಲಿ ಚೆಕ್ ಮಾಡಿ, ರೀಡಿಂಗ್ ನಡುವೆ ಕಟ್ ಆದ್ರೆ ತಂತಿ ತುಂಡಾಗಿದೆ ಇಲ್ಲಾ ಕಾಂಟ್ಯಾಕ್ಟ್ ಕೊಳೆಯಾಗಿದೆ ಅಂತ ಅರ್ಥ. ಲೈವ್, ನ್ಯೂಟ್ರಲ್ ಎರಡರಿಂದಲೂ ಬಾಡಿಗೆ ಕಂಟಿನ್ಯುಟಿ, ಅಂದ್ರೆ ಕರೆಂಟ್ ಹರಿಯೋ ದಾರಿ, ಮೀಟರ್‌ನಲ್ಲಿ ಬರ್ಲೇಬಾರ್ದು. ಅದು ಸರಿ ಇದ್ರೆ ಹೀಟರ್ ಆಫ್ ಇಟ್ಟು ಸೀರೀಸ್‌ನಲ್ಲಿ, ಅಂದ್ರೆ ಮಷಿನ್‌ಗೆ ಹೋಗೋ ಕರೆಂಟ್ ಬಲ್ಬ್ ಮೂಲಕವೇ ಹೋಗೋ ಹಾಗೆ, ಹಳೇ ಫಿಲಮೆಂಟ್ ಬಲ್ಬ್ ಹಾಕಿ ಕರೆಂಟ್ ಕೊಡಿ, ಬಲ್ಬ್ ಪೂರ್ತಿ ಬೆಳಕಲ್ಲಿ ಉರಿದ್ರೆ ಒಳಗೆ ಶಾರ್ಟ್ ಇದೆ, ತಕ್ಷಣ ಪ್ಲಗ್ ತೆಗೀರಿ.

ಮೋಟರ್ ಓಡಿದ್ಮೇಲೆ ಖಾಲಿ ಬುಟ್ಟಿ ಹಾಕಿ ನಿಧಾನಕ್ಕೆ ತಿರುಗಿಸಿ. ಅಲುಗಾಡ್ತಿದ್ರೆ ಶಾಫ್ಟ್ ಬಗ್ಗಿರಬಹುದು, ಸರಿ ಮಾಡ್ದೆ ಗಾಜಿನ ಜಾರ್ ಒಳಗೆ ಇಳಿಸ್ಬೇಡಿ. ಜಾರ್ ಸಾಲು ಕ್ಲೀನಿಂಗ್ ಸಲ್ಯೂಷನ್, ರಿನ್ಸ್ (ಸಲ್ಯೂಷನ್ ತೊಳೆದು ತೆಗೆಯೋ ದ್ರವ), ಇನ್ನೊಂದು ರಿನ್ಸ್, ಕೊನೆಗೆ ಹೀಟರ್ ಇರೋ ಡ್ರೈಯರ್. ಪ್ರತಿ ಸಲ ಬುಟ್ಟೀನ ದ್ರವದಿಂದ ಮೇಲಕ್ಕೆತ್ತಿ, ಆದ್ರೆ ಜಾರ್ ಒಳಗೇ ಇಟ್ಟು ಜೋರಾಗಿ ತಿರುಗಿಸಿ ಅಂಟಿದ ದ್ರವ ಇಳಿಸಿ, ಇಲ್ಲಾಂದ್ರೆ ಮೊದಲ ಜಾರ್ ಕೊಳೆ ಕೊನೇ ಜಾರ್ ತನಕ ಹೋಗುತ್ತೆ. ರಿನ್ಸ್ ದ್ರವ ಬೆಂಕಿ ಹತ್ತೋ ಪದಾರ್ಥ ಆಗಿರುತ್ತೆ, ಮೇಲೆ ಕಿಡಿ ಬಿಡೋ ಮೋಟರ್ ಬೇರೆ, ಅದಕ್ಕೆ ಕಿಟಕಿ ತೆರೆದಿಡಿ, ಬಳಸದ ಜಾರ್‌ಗೆ ಮುಚ್ಚಳ ಹಾಕಿ, ಬುಟ್ಟಿಯಿಂದ ಇನ್ನೂ ತೊಟ್ಟಿಕ್ತಿದ್ರೆ ಡ್ರೈಯರ್‌ಗೆ ಇಳಿಸ್ಲೇಬೇಡಿ.