‘ಸಬ್ರಿನಾ’ ನೋಡೋದು ಹೇಗೆ?

‘ರೋಮನ್ ಹಾಲಿಡೇ’ ನೋಡಿದ ವಾರದಲ್ಲೇ ‘ಸಬ್ರಿನಾ’ ನೋಡಬೇಡಿ. ನಾನು ಹಾಗೇ ಮಾಡಿ ತುಂಬಾ ನಿರಾಸೆಪಟ್ಟೆ. ಇದು 1954ರ ಹಾಲಿವುಡ್ ಚಿತ್ರ, ಬಿಲ್ಲಿ ವೈಲ್ಡರ್ ನಿರ್ದೇಶನ, ನಾಯಕಿ ‘ರೋಮನ್ ಹಾಲಿಡೇ’ಯ ಅದೇ ಆಡ್ರೆ ಹೆಪ್‌ಬರ್ನ್. ಇನ್ನೇನು ಬೇಕು ಅಂತ ಕೂತಿದ್ದೆ.

ಎಲ್ಲಿ ಸೊರಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನ ಶ್ರೀಮಂತರ ಮನೆಯ ಡ್ರೈವರ್ ಮಗಳು ಸಬ್ರಿನಾ. ಆ ಮನೆಯ ಕಿರಿಯ ಮಗ ಡೇವಿಡ್ ಮೇಲೆ ಅವಳಿಗೆ ಆಸೆ. ಅವನೋ ಕಬ್ಬಿನ ತೋಟದ ಒಡೆಯರ ಮಗಳನ್ನು ಮದುವೆಯಾದರೆ ಅಣ್ಣ ಲೈನಸ್‌ನ, ಕಬ್ಬಿನಿಂದ ಮಾಡುವ ಪ್ಲಾಸ್ಟಿಕ್ ವ್ಯಾಪಾರ ಗಟ್ಟಿಯಾಗುತ್ತದೆ. ಹಾಗಾಗಿ ಡೇವಿಡ್‌ನಿಂದ ದೂರ ಮಾಡಲು ಲೈನಸ್ ಸಬ್ರಿನಾಳನ್ನು ಪ್ರೀತಿಸುವ ಹಾಗೆ ನಟಿಸುತ್ತಾನೆ. ಆ ನಟನೆ ನಿಜವಾಗುವ ಗಳಿಗೆಗೆ ನಾವು ಕಾಯುತ್ತೇವೆ, ಅಲ್ವಾ? ನನಗಂತೂ ಅದು ಸಿಗಲಿಲ್ಲ. ಲೈನಸ್ ಆಗಿರುವ ಹಂಫ್ರಿ ಬೊಗಾರ್ಟ್ ಹೆಪ್‌ಬರ್ನ್‌ಗಿಂತ 29 ವರ್ಷ ದೊಡ್ಡವರು. ವಯಸ್ಸನ್ನು ಮರೆಯಬಹುದು. ಆದರೆ ಅವರ ಮುಖದಲ್ಲಿ ಪ್ರೀತಿ ಮೂಡುವುದೇ ಕಾಣುವುದಿಲ್ಲ. ವೈಲ್ಡರ್ ಈ ಪಾತ್ರಕ್ಕೆ ಮೊದಲು ಬಯಸಿದ್ದು ನಟ ಕ್ಯಾರಿ ಗ್ರಾಂಟ್ ಅವರನ್ನು.

ಎರಡನೇ ಸಲ ಅಮ್ಮನ ಜೊತೆ ನೋಡಿದೆ. ಅರ್ಧದಲ್ಲಿ ಅಮ್ಮ, ‘ಆ ಹುಡುಗರನ್ನ ಬಿಡೇ, ಅಪ್ಪನನ್ನ ನೋಡು’ ಅಂದಳು. ನೀವೂ ಹಾಗೇ ನೋಡಿ. ಜಾನ್ ವಿಲಿಯಮ್ಸ್ ಆ ಡ್ರೈವರ್ ಅಪ್ಪ. ಕಾರಿನಲ್ಲಿ ಮುಂದಿನ ಸೀಟು, ಹಿಂದಿನ ಸೀಟು, ನಡುವೆ ಗಾಜು. ಬದುಕೂ ಹಾಗೇ ಅಂತ ನಂಬಿದವನು. ಅಡುಗೆ ಕಲಿಯಲು ಹೋದ ಮಗಳ ಕಾಗದ ಪ್ಯಾರಿಸ್‌ನಿಂದ ಬಂದರೆ ಕೆಲಸದವರನ್ನೆಲ್ಲ ಕೂರಿಸಿಕೊಂಡು ಓದುತ್ತಾನೆ. ಆಗ ಅವನ ದನಿ ಕೇಳಿ. ಹೆಮ್ಮೆ ಇದೆ, ಭಯವೂ ಇದೆ. ಈ ಚಿತ್ರದ ನಿಜವಾದ ಪ್ರೀತಿ ಇದೇ ಅಂತ ನನಗನಿಸುತ್ತದೆ.

ಪ್ಯಾರಿಸ್‌ನ ಅಡುಗೆ ಕ್ಲಾಸನ್ನು ಮಾತ್ರ ಓಡಿಸಬೇಡಿ. ಮೊಟ್ಟೆ ಒಡೆಯುವ ಪಾಠ ನೋಡಿ. ಎಲ್ಲ ಮಣಿಕಟ್ಟಿನಲ್ಲಿದೆ ಅಂತಾನೆ ಗುರು. ಆಮೇಲೆ ಸೂಫ್ಲೆ, ಬೇಯುವಾಗ ಉಬ್ಬುವ ಮೊಟ್ಟೆಯ ತಿಂಡಿ. ಎಲ್ಲರದೂ ಉಬ್ಬಿದೆ, ಸಬ್ರಿನಾಳದು ಉಬ್ಬಿಯೇ ಇಲ್ಲ. ಓವನ್ ಹಚ್ಚುವುದನ್ನೇ ಮರೆತಿದ್ದಾಳೆ! ಕ್ಲಾಸಿನಲ್ಲಿ ಪಕ್ಕದಲ್ಲಿರುವ ಮುದುಕ ಬ್ಯಾರನ್‌ಗೆ (ಸಿರಿವಂತ ಮನೆತನದವನು) ತಕ್ಷಣ ಗೊತ್ತಾಗುತ್ತದೆ, ಇವಳ ಪ್ರೀತಿ ಸುಖವಾಗಿಲ್ಲ ಅಂತ. ಒಂದು ತಟ್ಟೆಯಲ್ಲಿ ಹುಡುಗಿಯ ಮನಸ್ಸನ್ನೆಲ್ಲ ಇಟ್ಟುಬಿಟ್ಟಿದ್ದಾರೆ.

ಅವಳು ಊರಿಗೆ ವಾಪಸಾಗಿ ಸ್ಟೇಷನ್ ಹೊರಗೆ ನಿಂತಾಗ ಸ್ವಲ್ಪ ನಿಲ್ಲಿಸಿ, ಕಾಫಿ ಮಾಡಿಕೊಳ್ಳಿ. ಪಕ್ಕದಲ್ಲಿರುವ ನಾಯಿಮರಿಯ ಹೆಸರೂ ಡೇವಿಡ್. ಆಮೇಲೆ ಮುಂದುವರಿಸಿ, ಲೈನಸ್ ಬಂದಾಗೆಲ್ಲ ಹೆಪ್‌ಬರ್ನ್ ಮುಖವನ್ನೇ ನೋಡುತ್ತಿರಿ.